ಕೆಲಸ ಹೋದರೂ ಐದನೇ ತಾರೀಖು ಬರುತ್ತದೆ

ಕೆಲಸ ಹೋಗಿ ಕೆಲವು ತಿಂಗಳಾಯಿತು. ಸಿಕ್ಕವರೆಲ್ಲ ಕೇಳುವುದು ಒಂದೇ, ‘ಲೋನ್ ಹೇಗೆ ಕಟ್ತಾ ಇದೀಯ?’ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತೇನೆ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಯಲಹಂಕದ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ನನ್ನದು. 2023ರ ಶುರುವಿನಲ್ಲಿ ತಗೊಂಡಿದ್ದು. 40 ಲಕ್ಷ ಸಾಲ, 20 ವರ್ಷ, ಆಗಿನ ಬಡ್ಡಿ 8.5 ಪರ್ಸೆಂಟ್. ಇಎಂಐ 34,700 ರೂಪಾಯಿ, ಪ್ರತಿ ತಿಂಗಳು ಐದನೇ ತಾರೀಖು. ಅದರೊಳಗೆ ಏನಿದೆ ಅಂತ ಎಷ್ಟೋ ಜನ ನೋಡುವುದೇ ಇಲ್ಲ. ಮೊದಲ ಕಂತಿನಲ್ಲಿ 28,333 ರೂಪಾಯಿ ಬರೀ ಬಡ್ಡಿ. ಮೊದಲ ಎರಡು ವರ್ಷ ಕಟ್ಟಿದ್ದು 8.3 ಲಕ್ಷ, ಅಸಲು ಇಳಿದಿದ್ದು 1.66 ಲಕ್ಷ. ‘ಸ್ವಂತ ಮನೆ ಇದೆಯಲ್ಲಾ, ನಿನಗೇನು ಬಿಡು’ ಅನ್ನುವವರು ದಯವಿಟ್ಟು ಈ ಎರಡು ಅಂಕಿಗಳನ್ನು ಇನ್ನೊಂದು ಸಲ ಓದಿ.

ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋದರೆ ಇನ್ನೊಂದು ಸಂಬಳ ಇರುತ್ತದೆ. ಒಬ್ಬಳೇ ಇದ್ದರೆ ಬರುವುದು ಪೂರ್ತಿ ನಿಲ್ಲುತ್ತದೆ, ಹೋಗುವುದು ಹಾಗೇ ಇರುತ್ತದೆ. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಚದರಡಿ ಲೆಕ್ಕ. ಒಳಗೆ ಎಷ್ಟು ಜನ ಇದ್ದಾರೆ ಅಂತ ಯಾರೂ ಕೇಳಲ್ಲ.

ನಾನು ಮೊದಲು ಮಾಡಿದ ಕೆಲಸ ಬ್ಯಾಂಕಿಗೆ ಹೋಗಿದ್ದು. ಒಂದು ಕಂತೂ ಬೌನ್ಸ್ ಆಗುವ ಮೊದಲೇ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 6.5ರಿಂದ 5.25 ಪರ್ಸೆಂಟ್‌ಗೆ ಇಳಿಸಿತು. ಹೀಗೆ ದರ ಇಳಿದಾಗ ಬ್ಯಾಂಕಿನವರು ಸಾಮಾನ್ಯವಾಗಿ ಇಎಂಐ ಮುಟ್ಟುವುದಿಲ್ಲ, ಸಾಲದ ಅವಧಿ ಕಡಿಮೆ ಮಾಡುತ್ತಾರೆ. ಸಂಬಳ ಬರುತ್ತಿದ್ದಾಗ ಅದು ಒಳ್ಳೆಯದೇ. ಈಗ ನನಗೆ ಬೇಕಿದ್ದಿದ್ದು ಅದರ ಉಲ್ಟಾ. ಅವಧಿ ಮೊದಲಿನಷ್ಟೇ ಇರಲಿ, ಇಎಂಐ ಇಳಿಸಿ ಅಂತ ಬರೆದುಕೊಟ್ಟೆ. ಸುಮಾರು 3,000 ರೂಪಾಯಿ ಇಳಿಯಿತು. ಒಬ್ಬಳ ಅಡುಗೆಮನೆಗೆ ಅದು ದೊಡ್ಡ ದುಡ್ಡು. ಆದರೆ ಇದಕ್ಕೂ ‘ರಿಸ್ಟ್ರಕ್ಚರ್’ ಮಾಡಿಸುವುದಕ್ಕೂ ವ್ಯತ್ಯಾಸ ಇದೆ. ರಿಸ್ಟ್ರಕ್ಚರ್ ಅಂದರೆ ಕಟ್ಟಲು ಆಗುತ್ತಿಲ್ಲ ಅಂತ ಸಾಲದ ಷರತ್ತನ್ನೇ ಬದಲಿಸುವುದು. ಅದು ಸಿಬಿಲ್ ರಿಪೋರ್ಟ್‌ನಲ್ಲಿ, ಅಂದರೆ ನಮ್ಮ ಸಾಲದ ಜಾತಕದಲ್ಲಿ ಕೂರುತ್ತದೆ. ಯಾವುದು ಮಾಡ್ತಾ ಇದ್ದಾರೆ ಅಂತ ಕೇಳಿಯೇ ಸೈನ್ ಹಾಕಿ.

ಇನ್ನು ಮನೆ ಜಪ್ತಿ ಭಯ. ಒಂದು ಕಂತು ತಪ್ಪಿದ ತಕ್ಷಣ ಯಾರೂ ಬಾಗಿಲಿಗೆ ಬೀಗ ಹಾಕುವಂತಿಲ್ಲ. 90 ದಿನ ಬಾಕಿ ಉಳಿದ ಮೇಲೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ, ಅಡವಿಟ್ಟ ಆಸ್ತಿ ಜಪ್ತಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಲ್ಲಿ, 60 ದಿನಗಳ ನೋಟಿಸ್ ಕೊಡಬೇಕು. ರಿಕವರಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಇಷ್ಟು ಗೊತ್ತಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಮ್ಯೂನಿಕ್‌ನಲ್ಲಿರುವ ಅತ್ತೆ ಮಗ ಕೇಳಿದ, ‘ಸರ್ಕಾರದಿಂದ ಏನೂ ಬರಲ್ವಾ?’ ಬರುತ್ತದೆ, ನನ್ನಂಥವರಿಗೆ ಬರುವುದಿಲ್ಲ. ಇಎಸ್‌ಐ (ಕಡಿಮೆ ಸಂಬಳದ ನೌಕರರ ಸರ್ಕಾರಿ ವಿಮೆ) ಇರುವವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ 2018ರಲ್ಲಿ ಶುರುವಾಗಿದೆ. ಸರಾಸರಿ ದಿನದ ಸಂಬಳದ ಅರ್ಧ, ಹೆಚ್ಚೆಂದರೆ 90 ದಿನ, ಅದೂ ಜೀವಮಾನಕ್ಕೆ ಒಂದೇ ಸಲ. ಇಎಸ್‌ಐಗೆ ಬರಲು 2017ರಲ್ಲಿ ಇಟ್ಟ ಸಂಬಳದ ಮಿತಿ 21,000 ರೂಪಾಯಿ. ಆ ಸಂಬಳಕ್ಕೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವಷ್ಟು ಸಾಲ ಯಾರು ಕೊಡುತ್ತಾರೆ? ಸಾಲ ಸಿಗುವಷ್ಟು ಸಂಬಳ ಇದ್ದವರಿಗೆ ಭತ್ಯೆ ಇಲ್ಲ. ರಾಜ್ಯ ಸರ್ಕಾರದ ಯುವನಿಧಿ ಹೊಸದಾಗಿ ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಅದು ಅವರಿಗೆ ಸಿಗಲೇಬೇಕು, ನನ್ನ ತಕರಾರಿಲ್ಲ. ನಲವತ್ತರ ಹತ್ತಿರ ಕೆಲಸ ಕಳೆದುಕೊಂಡವರ ನೆನಪು ಮಾತ್ರ ಯಾರಿಗೂ ಇದ್ದಂತಿಲ್ಲ.

ಇದಕ್ಕಿಂತ ಕೆಟ್ಟದ್ದು ರಾಜೀನಾಮೆ ನಾಟಕ. ಐಟಿಯಲ್ಲಿ ಎಷ್ಟೋ ಕಡೆ ತೆಗೆಯುವುದು ಅಂದರೆ ಮೀಟಿಂಗ್ ರೂಮಿಗೆ ಕರೆದು ರಾಜೀನಾಮೆ ಬರೆಸಿಕೊಳ್ಳುವುದು. ಬರೆದುಕೊಟ್ಟರೆ ಎರಡು ತಿಂಗಳ ಸಂಬಳ, ಚೆಂದದ ರಿಲೀವಿಂಗ್ ಲೆಟರ್. ಇಲ್ಲಾಂದ್ರೆ ‘ಪರ್ಫಾರ್ಮೆನ್ಸ್ ಸರಿಯಿಲ್ಲ’ ಅಂತ ಕಾರಣ ಬರೆದು ಕಳಿಸುತ್ತಾರೆ. ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ನೆನಪಾದರೆ ಯಾರಾದರೂ ಸೈನ್ ಹಾಕುತ್ತಾರೆ. ನಾನೂ ಹಾಕಿದೆ. ಆ ಕಾಗದ ಎಲ್ಲೆಲ್ಲಿ ಅಡ್ಡ ಬರುತ್ತದೆ ನೋಡಿ. ಕೆಲಸ ಹೋದರೆ ಇಎಂಐ ಕಟ್ಟುವ ಇನ್ಶೂರೆನ್ಸ್ ಅಂತ ಹೋಮ್ ಲೋನ್ ಜೊತೆ ಮಾರುತ್ತಾರಲ್ಲ, ಸಾಮಾನ್ಯವಾಗಿ ಮೂರು ಕಂತಿನವರೆಗೆ ಕಟ್ಟುತ್ತದೆ. ರಾಜೀನಾಮೆ ಕೊಟ್ಟವರಿಗೆ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕೆಲಸದಿಂದ ತೆಗೆದ ಕಾರ್ಮಿಕರಿಗೆ ರೀಸ್ಕಿಲ್ಲಿಂಗ್ ಫಂಡ್‌ನಿಂದ (ಹೊಸ ಕೌಶಲ ಕಲಿಯಲೆಂದು ಇಟ್ಟ ನಿಧಿ) 15 ದಿನದ ಸಂಬಳ ಕೊಡಬೇಕು ಅಂತಿದೆ. ಅದೂ ತೆಗೆದವರಿಗೆ ತಾನೇ? ದಾಖಲೆ ಪ್ರಕಾರ ನನ್ನನ್ನು ಯಾರೂ ತೆಗೆದೇ ಇಲ್ಲ. ‘ವೈಯಕ್ತಿಕ ಕಾರಣಗಳಿಂದ’ ನಾನೇ ಎದ್ದು ಬಂದಿದ್ದೇನೆ. ಪೇಪರಿನಲ್ಲಿ ಬರುವ ಲೇಆಫ್ ಲೆಕ್ಕದಲ್ಲಿ ಇಂಥವರು ಎಷ್ಟು ಜನ ಸೇರುತ್ತಾರೋ ದೇವರೇ ಬಲ್ಲ.

ಹಾಗಾದರೆ ಕಟ್ಟುತ್ತಿರುವುದು ಯಾವುದರಿಂದ? ಐದು ವರ್ಷ ತುಂಬಿತ್ತು, ಗ್ರಾಚ್ಯುಟಿ ಬಂತು. ಬೇಸಿಕ್ ಲೆಕ್ಕದಲ್ಲಿ ಕೊಟ್ಟರು, ನಮ್ಮ ಪೇ ಸ್ಲಿಪ್‌ನಲ್ಲಿ ಬೇಸಿಕ್ಕೇ ಎಲ್ಲದಕ್ಕಿಂತ ಬಡಪಾಯಿ. ಅದು ಮುಗಿದ ಮೇಲೆ ಪಿಎಫ್. ಕೆಲಸ ಹೋದವರು 75 ಪರ್ಸೆಂಟ್ ತಕ್ಷಣ ತೆಗೆಯಬಹುದು, ಉಳಿದ 25 ಪರ್ಸೆಂಟ್ ಒಂದು ವರ್ಷದ ಮೇಲೆ ಅಂತ ಇಪಿಎಫ್‌ಒ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನ ಮಾಡಿತು. ಮೊದಲು ಎರಡು ತಿಂಗಳಿಗೇ ಪೂರ್ತಿ ತೆಗೆಯಬಹುದಿತ್ತು. ಅದಕ್ಕೆ ಎಲ್ಲರೂ ಬೈದರು. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಪಿಎಫ್ ನನ್ನ ಅರವತ್ತರ ನಂತರದ ದುಡ್ಡು. ವಯಸ್ಸಾದ ಮೇಲೂ ಒಬ್ಬಳೇ ಇರಬೇಕಾದವಳು ನಾನು. ಅದನ್ನು ತೆಗೆದು ಈ ತಿಂಗಳ ಬಡ್ಡಿ ಕಟ್ಟುವುದು ಬಿತ್ತನೆ ಬೀಜ ಬೇಯಿಸಿ ತಿಂದ ಹಾಗೆ. ನಮ್ಮ ದೇಶದಲ್ಲಿ ಸಂಬಳದಾರರಿಗೆ ನಿರುದ್ಯೋಗ ಭತ್ಯೆ ಅಂತಿದ್ದರೆ ಅದು ಇಷ್ಟೇ, ಅವರದೇ ಮುಪ್ಪಿನ ಕಾಸು.

ಸರ್ಕಾರದ ಕಡೆಯಿಂದ ನಿಜಕ್ಕೂ ಕೈಗೆ ಸಿಕ್ಕಿದ್ದು ಏನು ಗೊತ್ತಾ? ಶಕ್ತಿ ಮತ್ತು ಗೃಹಜ್ಯೋತಿ. ಒಬ್ಬಳೇ ಇರುವುದರಿಂದ ನನ್ನ ಯೂನಿಟ್ ಮಿತಿ ದಾಟಲ್ಲ, ಬೆಸ್ಕಾಂ ಬಿಲ್ ಸೊನ್ನೆ. ಇಂಟರ್‌ವ್ಯೂಗೆ ಹೋಗುವುದು ಬಿಎಂಟಿಸಿ ಆರ್ಡಿನರಿ ಬಸ್ಸಿನಲ್ಲಿ, ಆಧಾರ್ ತೋರಿಸಿದರೆ ಟಿಕೆಟ್ ಫ್ರೀ. ಇದೇ ಯೋಜನೆಗಳಿಗೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ‘ಬಿಟ್ಟಿ ಭಾಗ್ಯ’ ಅಂತ ಎಷ್ಟು ಜೋಕ್ ಓಡುತ್ತಿತ್ತು! ಈಗ ಅದೇ ಗ್ರೂಪಿನ ಇಬ್ಬರು ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ದರು. ಅವರೂ ಆಧಾರ್ ಹಿಡಿದೇ ನಿಂತಿದ್ದರು. ಯಾರೂ ಆ ಮಾತು ಎತ್ತಲಿಲ್ಲ, ಸುಮ್ನೆ ನಕ್ಕೆವು.

ನನ್ನ ವಾದ ಇಷ್ಟೇ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಜಾಸ್ತಿ ಸಂಬಳ ಇದ್ದರೆ ವೃತ್ತಿ ತೆರಿಗೆ ಹಿಡಿಯುತ್ತಾರೆ. ತಿಂಗಳಿಗೆ 200, ಈಗ ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500. ವೃತ್ತಿ ಇದ್ದಾಗ ತೆರಿಗೆ ಇದೆ, ವೃತ್ತಿ ಹೋದಾಗ ಏನೂ ಇಲ್ಲ. ಅತ್ತೆ ಮಗ ಹೇಳುವ ಪ್ರಕಾರ ಜರ್ಮನಿಯಲ್ಲಿ ನಿರುದ್ಯೋಗ ವಿಮೆಗೆ ಸಂಬಳದ 2.6 ಪರ್ಸೆಂಟ್ ಹಿಡಿಯುತ್ತಾರೆ, ಅರ್ಧ ಕಂಪನಿ, ಅರ್ಧ ನೌಕರ. ಕೆಲಸ ಹೋದರೆ ಮಕ್ಕಳಿಲ್ಲದವರಿಗೆ ಕೈಗೆ ಬರುತ್ತಿದ್ದ ಸಂಬಳದ 60 ಪರ್ಸೆಂಟ್, ಸಾಮಾನ್ಯವಾಗಿ ಒಂದು ವರ್ಷದವರೆಗೆ. ಅಷ್ಟೆಲ್ಲ ಬೇಡ. ನಮ್ಮಿಂದಲೂ ತಿಂಗಳಿಗೆ ಇನ್ನೊಂದಿಷ್ಟು ಹಿಡಿಯಿರಿ, ಕಂಪನಿಯಿಂದಲೂ ಅಷ್ಟೇ ಹಿಡಿಯಿರಿ. ಕೆಲಸ ಹೋದರೆ ಆರು ತಿಂಗಳು ಬಡ್ಡಿ ಕಟ್ಟುವಷ್ಟು ಕೊಡಿ. ಬರೆಸಿಕೊಂಡ ರಾಜೀನಾಮೆಗೂ ಅದು ಸಿಗುವ ಹಾಗಿರಲಿ, ಇಲ್ಲಾಂದ್ರೆ ಮೊದಲ ದಿನವೇ ಎಲ್ಲರ ಕೈಯಲ್ಲೂ ರಾಜೀನಾಮೆ ಬರೆಸುತ್ತಾರೆ.

ಅಮ್ಮ ವಾರಕ್ಕೊಮ್ಮೆ ಹೇಳುತ್ತಾಳೆ, ‘ಮನೆ ಬಾಡಿಗೆಗೆ ಕೊಟ್ಟು ತಿಪಟೂರಿಗೆ ಬಾರೇ’. ಲೆಕ್ಕ ಹಾಕಿ ನೋಡಿದೆ. ಪೂರ್ತಿ ಮನೆಯ ಬಾಡಿಗೆ ಇಎಂಐಗೆ ಸಾಲಲ್ಲ, ಕೆಲಸ ಹುಡುಕಲು ಮತ್ತೆ ಬೆಂಗಳೂರಿಗೇ ಓಡಾಡಬೇಕು. ಅದಕ್ಕೆ ಒಂದು ರೂಮ್ ಮಾತ್ರ ಕೊಡೋಣ ಅಂತಿದ್ದೇನೆ. ಅಸೋಸಿಯೇಷನ್‌ನವರು ‘ಫ್ಯಾಮಿಲಿಗೆ ಮಾತ್ರ’ ಅಂತ ರಾಗ ಎಳೆದರು. ಮನೆ ಓನರ್ ಇದೇ ಮನೆಯಲ್ಲಿ ಇರುತ್ತಾಳೆ, ಅವಳು ನಾನೇ ಅಂದ ಮೇಲೆ ಸುಮ್ಮನಾದರು. ಅಟ್ಯಾಚ್ಡ್ ಬಾತ್‌ರೂಮ್ ಇದೆ, ಪೂರ್ವದ ಬಾಲ್ಕನಿ, ಅಡುಗೆಮನೆ ಹಂಚಿಕೊಳ್ಳಬೇಕು. ಬಾಡಿಗೆ 12,000, ಅಡ್ವಾನ್ಸ್ ಎರಡು ತಿಂಗಳದ್ದು ಮಾತ್ರ. ಗೊತ್ತಿರುವ ಹುಡುಗಿಯರು ಯಾರಾದರೂ ಹುಡುಕುತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಬೆಕ್ಕು ಇದ್ದರೂ ಪರವಾಗಿಲ್ಲ.