ಮಾತು ಬಂತು, ಪಾಠ ಬರಲಿಲ್ಲ

ಬೇರೆ ದೇಶದಿಂದ ಬಂದ ಮನೆಯವರ ಹುಡುಗಿಯೊಬ್ಬಳಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತಿದ್ದೆ. ಬೀದಿಯ ಮಕ್ಕಳ ಜೊತೆ ಅವಳು ಜಗಳ ಆಡುವುದನ್ನು ಕೇಳಿದರೆ ಇಲ್ಲೇ ಹುಟ್ಟಿ ಬೆಳೆದವಳು ಅನ್ನಬೇಕು, ಅಷ್ಟು ಸಲೀಸು. 84ನ್ನು 6ರಿಂದ ಭಾಗಿಸು ಅಂದರೆ ಬಾಯಲ್ಲೇ ಉತ್ತರ. ಅದೇ ಲೆಕ್ಕ ನಾಲ್ಕು ಸಾಲಿನ ಕಥೆಯಾಗಿ ಬಂದರೆ ಮಾತ್ರ ಪೆನ್ಸಿಲ್ ಕಚ್ಚುತ್ತಾ ಕೂರುತ್ತಿದ್ದಳು. ಅವಳಿಗೆ ಗೊತ್ತಿಲ್ಲದ್ದು ಭಾಗಾಕಾರ ಅಲ್ಲ, 'ತಲಾ' ಅನ್ನುವ ಅರ್ಥದ ಒಂದು ಪುಟ್ಟ ಪದ. ಆಟದಲ್ಲಿ, ಜಗಳದಲ್ಲಿ ಯಾರು 'ತಲಾ' ಅಂತಾರೆ ಹೇಳಿ?

ರಿಪೋರ್ಟ್ ಕಾರ್ಡಿನಲ್ಲಿ 'ಗಣಿತದಲ್ಲಿ ಹಿಂದೆ' ಅಂತ ಬರೆದಿತ್ತು.

ಆಡುಮಾತೇ ಬೇರೆ, ಪಾಠದ ಭಾಷೆಯೇ ಬೇರೆ ಅಂತ ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಬಿಡಿಸಿ ಹೇಳಿದ್ದರು. ಮೊದಲನೆಯದು ಸುಮಾರು 2 ವರ್ಷದಲ್ಲಿ ಕೈಗೆ ಸಿಗುತ್ತದೆ. ಎರಡನೆಯದರಲ್ಲಿ ಜೊತೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕು. ಆದರೆ ಮಗು ಪಟಪಟ ಮಾತಾಡಿದ ಕೂಡಲೇ ಎಷ್ಟೋ ಕಡೆ ಭಾಷೆಯ ವಿಶೇಷ ತರಗತಿ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಎಡವಿದರೆ ಮಗುವೇ ದಡ್ಡ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಂತೂ 4ನೇ ತರಗತಿ ಮುಗಿದ ಮೇಲೆ ಓದಿನ ಮಟ್ಟ ನೋಡಿ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ. 7ನೇ ವಯಸ್ಸಿಗೆ ಆ ಭಾಷೆ ಮೊದಲ ಸಲ ಕಿವಿಗೆ ಬಿದ್ದ ಮಗುವಿನ ಗತಿ ನೀವೇ ಲೆಕ್ಕ ಹಾಕಿ.

'ಎಲ್ಲರಿಗೂ ಅದೇ ಪುಸ್ತಕ, ಅದೇ ಟೀಚರ್, ಇನ್ನೇನು ಭೇದಭಾವ?' ಅಂತ ಕೇಳುವವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಭಾಷೆಯ ಮಕ್ಕಳ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ: ಅರ್ಥವೇ ಆಗದ ಭಾಷೆಯಲ್ಲಿ ಅದೇ ಪುಸ್ತಕ ಕೊಟ್ಟರೆ ಅದು ಸಮಾನತೆ ಅಲ್ಲ.

ಇನ್ನು ಕೆಲವರು 'ಮನೆಯಲ್ಲೂ ಇಲ್ಲಿನ ಭಾಷೆಯನ್ನೇ ಮಾತಾಡಿ' ಅಂತ ಸುಮ್ನೆ ಸಲಹೆ ಕೊಡುತ್ತಾರೆ. ತನಗೇ ಅರೆಬರೆ ಬರುವ ಭಾಷೆಯಲ್ಲಿ ತಾಯಿ ಮಗುವಿಗೆ ಏನು ತಾನೇ ಹೇಳಿಯಾಳು? ಇದಕ್ಕಿಂತ ಕೆಟ್ಟ ಸಲಹೆ ನನಗಂತೂ ಹೊಳೆಯುವುದಿಲ್ಲ.

ಆ ಹುಡುಗಿಯ ಶಾಲೆಯಲ್ಲಿ ಪೋಷಕರ ಸಭೆ ಆಯಿತು. ಟೀಚರ್ ಮಾತನ್ನು ಅಮ್ಮನಿಗೆ ದಾಟಿಸಿದವಳು ಇವಳೇ. ತನ್ನ ಮೇಲಿನ ದೂರನ್ನು ಒಂದಕ್ಷರ ಬಿಡದೆ ಹೇಳಿದಳಂತೆ. 'ಮನೆಯವರು ಏನೂ ಕೇಳಲ್ಲ, ಆಸಕ್ತಿ ಇಲ್ಲ' ಅಂತ ಟೀಚರ್ ಆಮೇಲೆ ನನ್ನ ಹತ್ತಿರ ಬೇಸರ ಮಾಡಿಕೊಂಡರು.

ಅವಳನ್ನೇ ಕೇಳಿದೆ. ತಲೆ ತಗ್ಗಿಸಿದಳು. 'ಅಮ್ಮ ಕೇಳಿದಳು, ಮನೆಯಲ್ಲಿ ನಾನೇನು ಹೇಳಿಕೊಡಲಿ ಅಂತ. ನಾನೇ ಟೀಚರ್‌ಗೆ ಹೇಳಲಿಲ್ಲ. ನಾಚಿಕೆ ಆಯ್ತು.'