ಕಪ್ಪ ಕೇಳಿದವನು ಎಲ್ಲಿ ಹೋದ?

ಮೊನ್ನೆ ಭಾನುವಾರ ನಮ್ಮ ಬಡಾವಣೆಯ ಸಂಘವೊಂದು ಮಕ್ಕಳಿಗಾಗಿ ಏರ್ಪಡಿಸಿದ್ದ ಏಕಪಾತ್ರಾಭಿನಯ ಸ್ಪರ್ಧೆಗೆ ಹೋಗಿದ್ದೆ. ತೀರ್ಪುಗಾರನಾಗಿ ಅಲ್ಲ, ಆ ಗೌರವವನ್ನು ಈಗ ಯಾರೂ ನನಗೆ ಕೊಡುವುದಿಲ್ಲ. ಬೆಳಗಿನಿಂದ ಊಟದ ಹೊತ್ತಿನವರೆಗೆ ಕಿತ್ತೂರು ಚೆನ್ನಮ್ಮಂದಿರು ಒಬ್ಬರ ಹಿಂದೊಬ್ಬರು ಬಂದರು. ಎಲ್ಲರ ಸೊಂಟದಲ್ಲೂ ರಟ್ಟಿನ ಕತ್ತಿ, ಎಲ್ಲರ ಬಾಯಲ್ಲೂ ‘ನಿಮಗೇಕೆ ಕೊಡಬೇಕು ಕಪ್ಪ’, ಎಲ್ಲರ ತುಟಿಗೂ ಅಂಟಿಕೊಂಡ ಮೈಕು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೇ ಶ್ರುತಿಯ ಚೀರಾಟ. ಪ್ರಥಮ ಬಹುಮಾನ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ಯಾರ ಸರದಿಯಲ್ಲಿ ಮೈಕು ಕೀರಲಿಟ್ಟು ಸಭಿಕರು ಕಿವಿ ಮುಚ್ಚಿಕೊಂಡರೋ ಅವರಿಗೆ ಹೋಯಿತು.

ಮಕ್ಕಳ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರು ಕಲಿಸಿದ್ದನ್ನು ಒಪ್ಪಿಸಿದರು. ಸಿಟ್ಟು ಬಂದದ್ದು ಕಲಿಸಿದವರ ಮೇಲೆ, ಅದಕ್ಕಿಂತ ಹೆಚ್ಚಾಗಿ ಅಂಕ ಕೊಟ್ಟವರ ಮೇಲೆ. ಅಷ್ಟು ಚೆನ್ನಮ್ಮಂದಿರಲ್ಲಿ ಒಬ್ಬಳೂ ಕಪ್ಪ ಕೇಳಿದ ಬ್ರಿಟಿಷ್ ಅಧಿಕಾರಿ ಥ್ಯಾಕರೆಯೊಂದಿಗೆ ಮಾತನಾಡಲಿಲ್ಲ. ಎಲ್ಲರ ಕಣ್ಣೂ ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದು, ಮರೆತ ಸಾಲಿಗೆ ತುಟಿಯಾಡಿಸಿ ನೆನಪು ಮಾಡುತ್ತಿದ್ದ ಅಮ್ಮನ ಮೇಲೆ ನೆಟ್ಟಿತ್ತು. ಕಪ್ಪ ಕೇಳಿದ್ದು ಪಾಪ ಆ ತಾಯಿಯೇ ಏನೋ ಎನ್ನುವಂತಿತ್ತು.

ಆ ಮಾತುಗಳು ಹುಟ್ಟಿದ್ದು ಹೇಗೆಂದು ಒಮ್ಮೆ ಯೋಚಿಸಿ. 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಆಡಿದ ಆ ಮಾತು ಭಾಷಣವೇ ಅಲ್ಲ, ಉತ್ತರ. ಒಬ್ಬನು ಕಪ್ಪ ಕೇಳಿದ್ದಾನೆ, ಇನ್ನೊಬ್ಬಳು ಏಕೆ ಕೊಡಬೇಕೆಂದು ತಿರುಗಿ ಕೇಳುತ್ತಿದ್ದಾಳೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಒಂದು ಕ್ಷಣವಾದರೂ ಕಾಯಬೇಕು. ಎದುರಿನವನ ಬಳಿ ಉತ್ತರವಿಲ್ಲವೆಂಬುದು ಆ ಮೌನದಲ್ಲಿ ಬಯಲಾಗಬೇಕು. ಬಯಲಾದ ಮೇಲೆ ಮುಂದಿನ ಪ್ರಶ್ನೆಗೆ ಹೋಗುವ ಅಧಿಕಾರ ಬರುತ್ತದೆ. ಆ ಮೌನಗಳನ್ನೆಲ್ಲ ಕಿತ್ತುಹಾಕಿ, ಪ್ರಶ್ನಾರ್ಥಕ ಚಿಹ್ನೆಗಳನ್ನೆಲ್ಲ ಆಶ್ಚರ್ಯಸೂಚಕವಾಗಿಸಿ, ಉಸಿರುಗಟ್ಟಿ ಒಪ್ಪಿಸಿದರೆ ಉಳಿಯುವುದು ಹರಾಜು ಕೂಗುವವನ ಧಾಟಿ ಮಾತ್ರ. ಸರೋಜಾದೇವಿಯವರ ಕಂಠವಾದರೂ ಎಂಥದು? ತೆಳುವಾದ, ಮಧುರವಾದ, ಗರ್ಜನೆಗೆ ಯಾವ ಕೋನದಿಂದಲೂ ಒಗ್ಗದ ಕಂಠ. ಆ ಕಂಠದಿಂದಲೇ ಅವರು ರಾಣಿಯಾದರು. 2025ರ ಜುಲೈನಲ್ಲಿ ಅವರು ತೀರಿಕೊಂಡಾಗ ಇದೇ ಸಂಘದವರು ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಿದ್ದರು. ಫ್ಲೆಕ್ಸ್ ಹಾಕಿಸಿದವರು ಚಿತ್ರವನ್ನೂ ಒಮ್ಮೆ ನೋಡಿದ್ದರೆ ನನ್ನ ಭಾನುವಾರ ಚೆನ್ನಾಗಿರುತ್ತಿತ್ತು.

ಇತಿಹಾಸದಲ್ಲಿ ಜಗಳ ಹೊತ್ತಿಕೊಂಡದ್ದು ಮುಖ್ಯವಾಗಿ ದತ್ತಕದ ವಿಷಯಕ್ಕೆ. ಕಿತ್ತೂರಿನ ದತ್ತುಪುತ್ರನನ್ನು ಉತ್ತರಾಧಿಕಾರಿಯೆಂದು ಒಪ್ಪಲು ಕಂಪನಿ ಸರ್ಕಾರ ನಿರಾಕರಿಸಿತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಎದುರು ಸತ್ತುಬಿದ್ದ. ಅಂದರೆ ಈ ಮಾತಿನ ಹಿಂದೆ ಗಂಡನನ್ನೂ ಮಗನನ್ನೂ ಕಳೆದುಕೊಂಡ, ಸಂಸ್ಥಾನವೂ ಕೈತಪ್ಪುವ ಅಂಚಿನಲ್ಲಿರುವ ಹೆಂಗಸೊಬ್ಬಳ ಲೆಕ್ಕಾಚಾರವಿದೆ, ಭಯವಿದೆ, ಹಟವಿದೆ. ಇದನ್ನು ಹುಡುಗಿಗೆ ಐದು ನಿಮಿಷ ಕೂರಿಸಿಕೊಂಡು ಹೇಳಿದ್ದರೆ ಸಾಕಿತ್ತು. ಹೇಳುವುದಕ್ಕೆ ಪುರುಸೊತ್ತಿಲ್ಲ, ಕಿರೀಟ ಬಾಡಿಗೆಗೆ ತರುವುದಕ್ಕೆ ಪುರುಸೊತ್ತಿದೆ.

ಆ ಚಿತ್ರದ ನಿರ್ದೇಶಕರು ಬಿ. ಆರ್. ಪಂತುಲು. ಚೆನ್ನಮ್ಮನಿಗಿಂತ ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರವನ್ನು ನಿರ್ದೇಶಿಸಿದವರೂ ಅವರೇ. ಅಲ್ಲಿಯೂ ಕಂಪನಿಯ ಅಧಿಕಾರಿ ತೆರಿಗೆ ಕೇಳುತ್ತಾನೆ, ಅಲ್ಲಿಯೂ ನಾಯಕ ಏಕೆ ಕೊಡಬೇಕೆಂದು ಕೇಳುತ್ತಾನೆ. ಶಿವಾಜಿ ಗಣೇಶನ್ ಗುಡುಗುತ್ತಾರೆ, ನಿಜ. ಆದರೆ ಗುಡುಗುವುದು ಜಾಕ್ಸನ್ ಎಂಬ ಒಬ್ಬ ಮನುಷ್ಯನ ಮೇಲೆ. ಅವನು ಎದುರಿಗಿದ್ದಾನೆ, ಕೆರಳುತ್ತಾನೆ, ಮಾತಿಗೆ ಮಾತು ಕೊಡುತ್ತಾನೆ. ತಮಿಳುನಾಡಿನಲ್ಲಿಯೂ ಮಕ್ಕಳು ಅದನ್ನು ವೇದಿಕೆಯ ಮೇಲೆ ಕೂಗುತ್ತಾರಂತೆ. ಆ ಜಗಳವನ್ನು ತಮಿಳರು ಆಡಿಕೊಳ್ಳಲಿ, ನಾನು ನನ್ನ ಬಡಾವಣೆಗೆ ಸೀಮಿತ.

ಈಗ ಕೆಲವರು ಬಂದೇ ಬರುತ್ತಾರೆ: ‘ಸಾರ್, ಹಳೆಯ ಚಿತ್ರಗಳ ಮಾತೆಲ್ಲ ಕಂಪನಿ ನಾಟಕದ ಕೂಗಾಟವೇ ಅಲ್ಲವೇ? ಮಕ್ಕಳನ್ನು ಏಕೆ ದೂರುತ್ತೀರಿ? ಕೂಗಿಯಾದರೂ ಕನ್ನಡ ಉಳಿಯಲಿ ಬಿಡಿ.’ ಕೂಗಿದರೆ ಉಳಿಯುವುದಾಗಿದ್ದರೆ ನಮ್ಮ ಬಸ್ ನಿಲ್ದಾಣಗಳಲ್ಲಿ ಕನ್ನಡ ಎಂದೋ ಉದ್ಧಾರವಾಗುತ್ತಿತ್ತು. ಕಂಪನಿ ನಾಟಕದ ಮಾತಿಗೆ ಮಾತ್ರ ಉತ್ತರ ಕೊಡುತ್ತೇನೆ, ಏಕೆಂದರೆ ಅದು ನನಗೇ ತಾಗಿದ ಮಾತು. ಕಂಪನಿ ನಟರು ಮೈಕಿಲ್ಲದೆ ಕಟ್ಟಕಡೆಯ ಸಾಲಿಗೆ ಮಾತು ಮುಟ್ಟಿಸಬೇಕಾಗಿತ್ತು. ಮುಟ್ಟಿಸುವುದು ಬೇರೆ, ಕಿರುಚುವುದು ಬೇರೆ. ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದ ರಾಜಕುಮಾರ್ ಅವರಿಗೆ ಈ ವ್ಯತ್ಯಾಸ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ಅವರೇ, ಮಗ ಬಬ್ರುವಾಹನನೂ ಅವರೇ. ಹುಣಸೂರು ಕೃಷ್ಣಮೂರ್ತಿಯವರ ಆ ಚಿತ್ರದಲ್ಲಿ ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’ ಎಂದು ಮಗ ಹೊಗಳಿಕೆಯ ಸೋಗಿನಲ್ಲಿ ಹಂಗಿಸುವಾಗ ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಬಾಣವಾಗಿ ಬೀಳುತ್ತದೆ. ತಾಯಿಯ ಶೀಲವನ್ನು ಶಂಕಿಸಿದವನಿಗೆ ಮಗ ಕೊಡುವ ಉತ್ತರ ಅದು. ಹಾಡಾದರೂ ವಾದದ ಎಳೆ ಎಲ್ಲಿಯೂ ತುಂಡಾಗುವುದಿಲ್ಲ. ದ್ವಿಪಾತ್ರವೆಂದ ಮೇಲೆ ಚಿತ್ರೀಕರಣದಲ್ಲಿ ಎದುರಿಗೆ ಇನ್ನೊಬ್ಬ ರಾಜಕುಮಾರ್ ಎಲ್ಲಿಂದ ಬಂದಾರು? ಇಲ್ಲದವನನ್ನು ಇದ್ದಾನೆಂದು ನಂಬಿ, ಅವನು ಆಡಲಿರುವ ಮಾತನ್ನು ಕಿವಿಯಲ್ಲಿ ಕೇಳಿಸಿಕೊಂಡು, ಅದಕ್ಕೆ ಮುಖದಲ್ಲಿ ಬಣ್ಣ ತರಿಸಿಕೊಂಡು ಅಭಿನಯಿಸಬೇಕು. ಏಕಪಾತ್ರಾಭಿನಯವೆಂದರೆ ಇದೇ ಅಲ್ಲವೇ? ನಮ್ಮ ತೀರ್ಪುಗಾರರು ಮಾತ್ರ ಅದನ್ನು ಒಂಟಿಯಾಗಿ ಅರಚುವುದು ಎಂದು ತಿಳಿದಿದ್ದಾರೆ.

ನಮ್ಮ ಮನೆಯಲ್ಲಿ ಈ ಸಂಭಾಷಣೆಯನ್ನು ಅತ್ಯುತ್ತಮವಾಗಿ ಹೇಳುತ್ತಿದ್ದವರು ಅಮ್ಮ. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣದ ಮೇಲೆ ತಿಂಗಳ ಕೊನೆಯಲ್ಲಿ ಅಪ್ಪನ ಕಣ್ಣು ಬೀಳುತ್ತಿತ್ತು. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಸುಮ್ಮನೆ ನಿಂತರೆ ಸಾಕು, ಅಮ್ಮ ಒಲೆಯಿಂದ ತಿರುಗದೆಯೇ, ಸೌಟು ಆಡಿಸುತ್ತಲೇ, ಬಹಳ ಮೆಲ್ಲಗೆ ‘ನಿಮಗೇಕೆ ಕೊಡಬೇಕು ಕಪ್ಪ’ ಎನ್ನುತ್ತಿದ್ದರು. ಥ್ಯಾಕರೆಯವರು ತಲೆ ಕೆರೆದುಕೊಂಡು ಹಿಂದಿರುಗುತ್ತಿದ್ದರು. ಅಷ್ಟು ಮೆದುವಾಗಿ ಹೇಳಿದ ಮಾತಿಗೆ ಅಷ್ಟು ಬಲವಿರುವುದನ್ನು ಚಿಕ್ಕಂದಿನಲ್ಲೇ ಕಂಡಿದ್ದರಿಂದಲೋ ಏನೋ, ವೇದಿಕೆಯ ಆರ್ಭಟ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಮುಚ್ಚಿಡುವುದೇನು? ನಾಟಕದ ಹುಚ್ಚು ಇಷ್ಟಿದ್ದರೂ ಸಭೆಯ ಮುಂದೆ ನಿಂತರೆ ನನಗೆ ಇವತ್ತಿಗೂ ಧ್ವನಿಯೇ ಹೊರಡುವುದಿಲ್ಲ. ಅಂಜದೆ ನಿಲ್ಲುವ ಆ ಮಕ್ಕಳ ಎದೆಗಾರಿಕೆ ನನಗೆ ಸಿಕ್ಕಿದ್ದರೆ ಅದನ್ನು ಹೀಗೆ ಪೋಲು ಮಾಡುತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರೊಬ್ಬರ ಬಳಿ ಹೋಗಿ, ಅಂಕಪಟ್ಟಿಯಲ್ಲಿ ಧ್ವನಿ, ಕಂಠಪಾಠ, ವೇಷಭೂಷಣಗಳ ಜೊತೆಗೆ ‘ಯಾರೊಂದಿಗೆ ಮಾತನಾಡುತ್ತಿದ್ದೇನೆಂಬ ಅರಿವು’ ಎಂಬ ಕಲಮನ್ನೂ ಸೇರಿಸಿ ಎಂದೆ. ಅದಾಗದಿದ್ದರೆ ವೇದಿಕೆಯ ಬದಿಯಲ್ಲಿ ಥ್ಯಾಕರೆಯದೆಂದು ಖಾಲಿ ಕುರ್ಚಿಯೊಂದನ್ನಾದರೂ ಇಡಿ, ಮಗುವಿಗೆ ನೋಡಲೊಂದು ದಿಕ್ಕು ಸಿಗುತ್ತದೆ ಎಂದೆ. ಶಾಮಿಯಾನದವನಿಗೆ ಕುರ್ಚಿಗಳನ್ನು ಎಣಿಸಿ ಹಿಂದಿರುಗಿಸಬೇಕು, ಅದಕ್ಕೆಲ್ಲ ಆಗುವುದಿಲ್ಲ ಎಂದರು.

ಈ ರೋಗದ ಮೂಲ ಮೊಬೈಲಿನಲ್ಲಿದೆಯೆಂಬ ಗುಮಾನಿ ನನ್ನದು. ಇವತ್ತು ಯಾರೂ ಚಿತ್ರದಿಂದ ಕಲಿಯುವುದಿಲ್ಲ, ಚಿತ್ರದ ತುಣುಕಿನಿಂದ ಕಲಿಯುತ್ತಾರೆ. ತುಣುಕು ಮಾಡುವವನು ಧ್ವನಿ ಏರಿದ ಜಾಗದಿಂದ ಕತ್ತರಿಸುತ್ತಾನೆ. ಕೇಳುತ್ತಿರುವವನ ಮುಖ ಬಂದೊಡನೆ ಬೇಸರವೆಂದು ಅದನ್ನೂ ತೆಗೆಯುತ್ತಾನೆ. ಸಾಲದೆಂದು ಕೆಳಗೊಂದು ನಗಾರಿ ಬಾರಿಸುತ್ತಾನೆ. ಚಾರ್ಲಿ ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದ ಕೊನೆಯ ಭಾಷಣ ವರ್ಷಕ್ಕೊಮ್ಮೆ ಹೀಗೆಯೇ ನನ್ನ ಇನ್‌ಬಾಕ್ಸಿಗೆ ಬಂದು ಬೀಳುತ್ತದೆ, ಪಿಟೀಲಿನ ಸಮೇತ. 1940ರ ಆ ಚಿತ್ರದಲ್ಲಿ ಚಾಪ್ಲಿನ್‌ನದೂ ದ್ವಿಪಾತ್ರ: ಒಬ್ಬ ಸರ್ವಾಧಿಕಾರಿ, ಒಬ್ಬ ಯಹೂದಿ ಕ್ಷೌರಿಕ. ಆರಂಭದ ಭಾಗದಲ್ಲಿ ಸರ್ವಾಧಿಕಾರಿ ಅರ್ಥವಿಲ್ಲದ, ಜರ್ಮನ್ನಿನಂತೆ ಕೇಳಿಸುವ ಶಬ್ದಗಳನ್ನು ಎಷ್ಟು ಆವೇಶದಿಂದ ಕಿರುಚುತ್ತಾನೆಂದರೆ ಎದುರಿನ ಮೈಕುಗಳೇ ಹೆದರಿ ಹಿಂದಕ್ಕೆ ಬಾಗುತ್ತವೆ. ಕೊನೆಯಲ್ಲಿ ಅವನೆಂದೇ ತಪ್ಪಾಗಿ ತಿಳಿದು ಜನ ಕ್ಷೌರಿಕನನ್ನು ವೇದಿಕೆಗೆ ಹತ್ತಿಸುತ್ತಾರೆ. ಅವನು ಮೆಲುದನಿಯಲ್ಲಿ, ಕ್ಷಮೆ ಕೇಳಿ, ತನಗೆ ಚಕ್ರವರ್ತಿಯಾಗುವ ಆಸೆಯಿಲ್ಲವೆಂದು ಮಾತು ಶುರು ಮಾಡುತ್ತಾನೆ. ಕೊನೆಗೆ ಅವನ ಧ್ವನಿಯೂ ಏರುತ್ತದೆ, ಆದರೆ ಆ ಏರುದನಿಯನ್ನು ಅವನು ಮೆಟ್ಟಿಲು ಮೆಟ್ಟಿಲಾಗಿ ಸಂಪಾದಿಸಿರುತ್ತಾನೆ. ಮೊದಲ ಕಿರುಚಾಟವನ್ನು ನೋಡದವನಿಗೆ ಆ ಮೆಲುದನಿಯ ಬೆಲೆ ತಿಳಿಯುವ ದಾರಿಯೇ ಇಲ್ಲ.

ಕಲ್ಲುಗುಂಡಿಗೆಯ ನಾಯಕರನ್ನು ಬಿಡಿ, 2006ರ ‘ಮುಂಗಾರು ಮಳೆ’ಯ ಹುಡುಗನಿಗೂ ಈ ಸೂಕ್ಷ್ಮ ಗೊತ್ತಿತ್ತು. ಅವನ ಅಳಲು ಕೇಳಲು ದೇವದಾಸ ಎಂಬ ಒಂದು ಮೊಲವಾದರೂ ಇತ್ತು.

ಆದ್ದರಿಂದ ಬಂಧುಗಳೇ, ಪೂರ್ತಿ ಚಿತ್ರ ನೋಡಿ ಬಂದವರು ಕೆಳಗೆ ನನ್ನೊಂದಿಗೆ ಎಷ್ಟು ಹೊತ್ತು ಬೇಕಾದರೂ ಜಗಳವಾಡಬಹುದು. ‘ಇದನ್ನು ನೋಡಿ ಸಾರ್, ಮೈ ಜುಮ್ ಎನ್ನುತ್ತದೆ’ ಎಂದು ಅರ್ಧ ನಿಮಿಷದ ತುಣುಕು ಕಳುಹಿಸುವವರಿಗೆ ಮಾತ್ರ ಇವತ್ತಿನಿಂದ ನಾನು ಉತ್ತರಿಸುವುದಿಲ್ಲ. ಅವರಲ್ಲಿ ನನ್ನ ಸ್ವಂತ ಭಾವಮೈದುನನೂ ಸೇರಿದ್ದಾನೆ.