ಏಳು ವರ್ಷ ಯಾರೂ ಗೆಲ್ಲದ ರೇಸು

ಟೂರ್ ಡಿ ಫ್ರಾನ್ಸ್ ವಿಜೇತರ ಪಟ್ಟಿ ತೆಗೆದು ನೋಡಿ. 1998ಕ್ಕೆ ಮಾರ್ಕೊ ಪಂತಾನಿ, 2006ಕ್ಕೆ ಆಸ್ಕರ್ ಪೆರೇರೊ. ನಡುವಿನ ಏಳು ಸಾಲು ಖಾಲಿ. ಅಷ್ಟೂ ಜುಲೈಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಕಿಲೋಮೀಟರ್ ಪೆಡಲ್ ತುಳಿದವರಿದ್ದಾರೆ, ಬಿದ್ದು ಮೂಳೆ ಮುರಿದುಕೊಂಡವರಿದ್ದಾರೆ, ಗೆದ್ದವರು ಮಾತ್ರ ಇಲ್ಲ. ಎರಡನೆಯವರಿಗೆ ಕೊಡಬಹುದಿತ್ತಲ್ಲ ಅಂತೀರಾ? 1999ರಲ್ಲಿ ಎರಡನೇ ಸ್ಥಾನಕ್ಕೆ ಬಂದ ಅಲೆಕ್ಸ್ ಜೂಲೆ ಅದರ ಹಿಂದಿನ ವರ್ಷವೇ ಇಪಿಒ (ರಕ್ತದ ಕೆಂಪು ಕಣ ಹೆಚ್ಚಿಸುವ ಚುಚ್ಚುಮದ್ದು, ರೇಸಿನಲ್ಲಿ ನಿಷಿದ್ಧ) ತಗೊಂಡಿದ್ದೆ ಅಂತ ಒಪ್ಪಿಕೊಂಡವರು. ಮೂರು ಸಲ ಎರಡನೆಯವರಾದ ಯಾನ್ ಉಲ್ರಿಚ್ ಮುಂದೆ ರಕ್ತ ಏರಿಸಿಕೊಳ್ಳುವ ಮೋಸದಾಟದಲ್ಲಿ ಸಿಕ್ಕಿಬಿದ್ದರು. 2005ರ ಇವಾನ್ ಬಸ್ಸೊಗೆ ಆಮೇಲೆ ಎರಡು ವರ್ಷ ನಿಷೇಧ. ವಿಜೇತರ ಹಳದಿ ಜೆರ್ಸಿ ಹಿಡಿದುಕೊಂಡು ಪಟ್ಟಿಯಲ್ಲಿ ಕೆಳಗಿಳಿಯುತ್ತಾ ಹೋದರೆ ಎಲ್ಲಿ ನಿಲ್ಲಬೇಕಾದೀತೋ ಎಂದು ಹೆದರಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಜಾಗ ಖಾಲಿ ಬಿಟ್ಟಿತು.

ಇಷ್ಟಕ್ಕೆಲ್ಲ ಕಾರಣಪುರುಷರು, ಆ ಏಳೂ ಟೂರ್ ಗೆದ್ದು ಮದ್ದಿನಾಟ ಬಯಲಾದ ಮೇಲೆ ಏಳನ್ನೂ ಕಳೆದುಕೊಂಡ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಸಾಹೇಬರು. ಆದರೆ ಒಬ್ಬರನ್ನೇ ಬೈದರೆ ಒಕ್ಕೂಟದ ಪ್ರತಿಭೆಗೆ ಅವಮಾನ. 1997ರಲ್ಲಿ ಅದು ಮಾಡಿದ ನಿಯಮ ನೋಡಿ. ರಕ್ತದಲ್ಲಿ ಕೆಂಪು ಕಣಗಳ ಪಾಲಿಗೆ ಹೆಮಟೋಕ್ರಿಟ್ ಅನ್ನುತ್ತಾರೆ. ಕಣ ಹೆಚ್ಚಿದಷ್ಟೂ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು. ಇಪಿಒ ಚುಚ್ಚಿದರೆ ಅದು ಏರುತ್ತದೆ. ಇಪಿಒ ಪತ್ತೆಹಚ್ಚುವ ಪರೀಕ್ಷೆ ಆಗ ಇರಲಿಲ್ಲ. ಅದಕ್ಕೇ ಶೇಕಡ 50ರ ಗೆರೆ ಎಳೆದರು. ದಾಟಿದವನಿಗೆ ಶಿಕ್ಷೆಯೇನೂ ಇಲ್ಲ, ‘ಆರೋಗ್ಯದ ದೃಷ್ಟಿಯಿಂದ’ ಎರಡು ವಾರ ವಿಶ್ರಾಂತಿ. ಹುಟ್ಟಿನಿಂದ 42 ಇದ್ದವನಿಗೆ ಇದರಿಂದ ತಿಳಿದದ್ದು ಒಂದೇ: ಇನ್ನೂ ಎಂಟು ಅಂಕ ಸರಕಾರಿ ಮಂಜೂರಾತಿಯಲ್ಲಿ ಬಾಕಿ ಇದೆ!

ಗೆರೆ ದಾಟಿದಾಗ ತಪಾಸಣೆಯವರು ಬಾಗಿಲು ತಟ್ಟಿದರೆ? ಸಲೈನ್. ರಕ್ತ ತೆಳುವಾಗುತ್ತದೆ, ಅಂಕ ಇಳಿಯುತ್ತದೆ. 1998ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡದ ವೈದ್ಯರು ಒಂದು ಲೀಟರ್ ಸಲೈನನ್ನು ರೇನ್‌ಕೋಟಿನೊಳಗೆ ಬಚ್ಚಿಟ್ಟುಕೊಂಡು, ಒಕ್ಕೂಟದ ತಪಾಸಕರ ಕಣ್ಣೆದುರೇ ದಾಟಿಹೋಗಿ ಸಾಹೇಬರಿಗೆ ಏರಿಸಿದರಂತೆ. ಇದು ಸಹಸವಾರನ ಸಾಕ್ಷ್ಯ. 1999ರಲ್ಲಿ ಮೂತ್ರದಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕಂಡಾಗ ಇನ್ನೂ ಸುಲಭವಾಯಿತು: ಸೀಟು ತಿಕ್ಕಿ ಆದ ಹುಣ್ಣಿಗೆ ಮುಲಾಮು ಹಚ್ಚಿದ್ದು ಅಂತ ಹಿಂದಿನ ತಾರೀಖು ಹಾಕಿದ ಚೀಟಿ. ಒಕ್ಕೂಟ ತಲೆಯಾಡಿಸಿತು.

ತಂಡದ ಪ್ರಾಯೋಜಕರು ಯಾರು ಗೊತ್ತಲ್ಲ? ಅಮೆರಿಕದ ಅಂಚೆ ಇಲಾಖೆ. ಸುಮಾರು 3.2 ಕೋಟಿ ಡಾಲರ್ ಸುರಿಯಿತು. ಆದರೆ 1999ರ ಟೂರ್‌ನಲ್ಲಿ ಇಪಿಒ ಬಟವಾಡೆ ನಡೆದದ್ದು ರೇಸಿನ ಹಿಂದೆ ಮೋಟಾರ್‌ಬೈಕಿನಲ್ಲಿ ಬರುತ್ತಿದ್ದ ಒಬ್ಬ ಖಾಸಗಿ ಆಸಾಮಿಯಿಂದ. ಅಂಚೆ ತಂಡಕ್ಕೇ ಅಂಚೆಯ ಮೇಲೆ ನಂಬಿಕೆ ಇಲ್ಲದ ಮೇಲೆ ಉಳಿದವರ ಮಾತೇನು.

ಇಪಿಒ ಪರೀಕ್ಷೆ ಬಂದ ಕಾಲಕ್ಕೆ ಸಾಹೇಬರ ತಂಡ ಸ್ವದೇಶಿ ಮಾಲಿಗೆ ತಿರುಗಿತು: ವಾರಗಳ ಮುಂಚೆ ತಮ್ಮದೇ ರಕ್ತ ಚೀಲಕ್ಕೆ ತೆಗೆದು ಫ್ರಿಜ್ಜಿನಲ್ಲಿಡುವುದು, ರೇಸಿನ ನಡುವೆ ವಾಪಸ್ ಏರಿಸಿಕೊಳ್ಳುವುದು. ಸ್ವಂತ ರಕ್ತವನ್ನು ಗುರುತಿಸುವ ಪರೀಕ್ಷೆ ಇರಲಿಲ್ಲ. ತಾಪಮಾನ ಏರಿತೋ, ಚೀಲ ಕೆಟ್ಟಿತು. ಅದಕ್ಕೇ 2003ರಲ್ಲಿ ಸಾಹೇಬರು ಊರಲ್ಲಿಲ್ಲದಾಗ ಸ್ಪೇನಿನ ಜಿರೋನಾದ ಅವರ ಮನೆಯಲ್ಲಿ ಉಳಿದು, ಕರೆಂಟು ಹೋಯಿತೇ ಅಂತ ದಿನವೂ ಫ್ರಿಜ್ ನೋಡಿಕೊಳ್ಳುವ ಕೆಲಸ ಸಹಸವಾರ ಫ್ಲಾಯ್ಡ್ ಲ್ಯಾಂಡಿಸ್‌ಗೆ ಬಿತ್ತು. 2004ರಲ್ಲಂತೂ ಘಟ್ಟದ ರಸ್ತೆಯಲ್ಲಿ ತಂಡದ ಬಸ್ಸೇ ‘ಕೆಟ್ಟು’ ನಿಂತಿತು. ಚಾಲಕ ಎಂಜಿನ್ ರಿಪೇರಿಯ ನಾಟಕವಾಡುತ್ತಿದ್ದರೆ ಒಳಗೆ ಸವಾರರು ಮಲಗಿ ರಕ್ತ ಏರಿಸಿಕೊಳ್ಳುತ್ತಿದ್ದರು ಎಂದು ಇದೇ ಲ್ಯಾಂಡಿಸ್ ಮುಂದೆ ಹೇಳಿದರು.

ಇದೇ ಹೊತ್ತಿನಲ್ಲಿ ಸಾಹೇಬರು ಮದ್ದಿನ ಹಾವಳಿ ತಡೆಯಲೆಂದು ಒಕ್ಕೂಟಕ್ಕೆ ಒಂದು ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ಕೊಟ್ಟರು. ಕಳ್ಳನೇ ಠಾಣೆಗೆ ಸಿಸಿ ಕ್ಯಾಮೆರಾ ಕೊಡಿಸಿದ ಹಾಗೆ. ಠಾಣೆಯವರು ಸಂತೋಷದಿಂದ ರಸೀದಿ ಹರಿದರು.

ಪ್ರಶ್ನೆ ಕೇಳಿದವರಿಗೆ ಉತ್ತರ ಸಿದ್ಧವಿತ್ತು: ಐನೂರು ಸಲ ಪರೀಕ್ಷೆಯಾಗಿದೆ, ಒಮ್ಮೆಯಾದರೂ ಸಿಕ್ಕೆನೇ? ಪಟ್ಟು ಹಿಡಿದವರ ಮೇಲೆ ಮಾನನಷ್ಟ ಮೊಕದ್ದಮೆ. ಲಂಡನ್ನಿನ ಸಂಡೇ ಟೈಮ್ಸ್ 2006ರಲ್ಲಿ ಸುಮಾರು ಮೂರು ಲಕ್ಷ ಪೌಂಡ್ ತೆತ್ತಿತು, ನಿಜ ಬರೆದ ತಪ್ಪಿಗೆ. ಕ್ಯಾನ್ಸರ್ ಗೆದ್ದು ಬಂದವರು ಎಂಬುದು ಸುಳ್ಳಲ್ಲ. ಆ ನಿಜವೇ ಉಳಿದ ಸುಳ್ಳಿಗೆಲ್ಲ ಗುರಾಣಿ. ಅವರ ಕ್ಯಾನ್ಸರ್ ಸಂಸ್ಥೆಯ ಹಳದಿ ರಬ್ಬರ್ ಬಳೆ ಹಾಕಿಕೊಂಡ ಕೋಟ್ಯಂತರ ಜನರ ಮುಂದೆ ಹೆಮಟೋಕ್ರಿಟ್ ವಿಷಯ ಎತ್ತುವವನು ಮನುಷ್ಯತ್ವ ಇಲ್ಲದವನು.

ಕೊನೆಗೆ ಅವರನ್ನು ಹಿಡಿದದ್ದು ಪ್ರಯೋಗಾಲಯವೇನೂ ಅಲ್ಲ, ಜೊತೆಯವರ ಬಾಯಿ. 2006ರ ಟೂರ್ ಗೆದ್ದು, ಟೆಸ್ಟೋಸ್ಟೆರೋನ್ ಹಾರ್ಮೋನ್ ಪರೀಕ್ಷೆಯಲ್ಲಿ ಸಿಕ್ಕಿ ಅದನ್ನು ಪೆರೇರೊಗೆ ಬಿಟ್ಟುಕೊಟ್ಟ ಲ್ಯಾಂಡಿಸ್, ಅಂದರೆ ನಮ್ಮ ಫ್ರಿಜ್ ಕಾವಲುಗಾರ, 2010ರಲ್ಲಿ ಎಲ್ಲ ಬಿಚ್ಚಿಟ್ಟರು. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಸಾವಿರ ಪುಟಕ್ಕೂ ಮಿಕ್ಕಿದ ಸಾಕ್ಷ್ಯ ಹೊರಹಾಕಿತು. ಸಾಕ್ಷಿ ಹೇಳಿದವರು 26 ಮಂದಿ.

ಅಂಚೆ ಇಲಾಖೆಯ ದುಡ್ಡಿಗಾಗಿ ಸುಮಾರು ಹತ್ತು ಕೋಟಿ ಡಾಲರ್ ಪರಿಹಾರ ಬೇಕೆಂದು ಕೋರ್ಟಿಗೆ ಹೋದ ಅಮೆರಿಕ ಸರಕಾರ 2018ರಲ್ಲಿ 50 ಲಕ್ಷಕ್ಕೆ ರಾಜಿಯಾಯಿತು. ಅದರಲ್ಲಿ 11 ಲಕ್ಷ, ಗುಟ್ಟು ಹೊರಹಾಕಿದ ಲ್ಯಾಂಡಿಸ್ ಪಾಲಿಗೆ. ಸಾಹೇಬರು ಈಗ ಪಾಡ್‌ಕಾಸ್ಟ್ ನಡೆಸುತ್ತಾರೆ. ಜುಲೈ ಬಂತೆಂದರೆ ಟೂರ್‌ನಲ್ಲಿ ಯಾರು ಎಲ್ಲಿ ಎಡವಿದರು ಎಂದು ವಿಶ್ಲೇಷಣೆ. ಪ್ರಾಯೋಜಕರೂ ಸಿಕ್ಕಿದ್ದಾರೆ, ಅಂಚೆ ಇಲಾಖೆ ಬಿಟ್ಟು.